ಚಿಮಣಿಯ ಬುಡದಲ್ಲಿ ಸೋರುವ ಮಳೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆ ದುರಸ್ತಿಯ ಈ ಅಂಕಣಕ್ಕೆ ಕೊಡಗಿನಿಂದ ಬಂದ ಪತ್ರಗಳಲ್ಲಿ ಹಲವು ಒಂದೇ ತೊಂದರೆಯನ್ನು ಹೇಳುತ್ತವೆ. ಅಗ್ಗಿಷ್ಟಿಕೆಯ ಚಿಮಣಿ, ಬಚ್ಚಲು ಒಲೆಯ ಹೊಗೆಕೊಳವೆ, ಅಡುಗೆಮನೆಯ ವಿದ್ಯುತ್ ಚಿಮಣಿ ಇವುಗಳಲ್ಲಿ ಯಾವುದೇ ಇರಲಿ, ಅದು ಮಾಡನ್ನೋ (ಇಳಿಜಾರು ಛಾವಣಿಯನ್ನೋ) ಗೋಡೆಯನ್ನೋ ತೂರಿ ಹೊರಹೋಗುವ ಜಾಗದಲ್ಲಿ ಮಳೆನೀರು ಒಳಗೆ ಇಳಿಯುತ್ತಿದೆ. ಆಯ್ದ ಐದು ಪ್ರಶ್ನೆಗಳನ್ನು ಇಲ್ಲಿ ತೆಗೆದುಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ದೀರ್ಘವಾಗಿದೆ. ಉಳಿದವರೂ ಅದನ್ನು ಓದಿಕೊಳ್ಳಬೇಕೆಂದು ಕೋರುತ್ತೇನೆ.

ಪ್ರಶ್ನೆ: ನಮ್ಮದು ಅಜ್ಜನವರು ಕೊಂಡುಕೊಂಡ ಹಳೆಯ ಬಂಗಲೆ. ಮಂಗಳೂರು ಹೆಂಚಿನ ಮಾಡು, ನಡುಮನೆಯಲ್ಲಿ ಇಟ್ಟಿಗೆಯ ಅಗ್ಗಿಷ್ಟಿಕೆ ಇದೆ. ಪ್ರತಿ ಬೇಸಿಗೆಯಲ್ಲಿ ಚಿಮಣಿಯ ಬುಡಕ್ಕೆ ಸಿಮೆಂಟ್ ಮೆತ್ತಿಸುತ್ತೇವೆ, ಡಾಂಬರನ್ನೂ ಬಳಿಸಿದ್ದೇವೆ. ಆದರೂ ಜುಲೈ–ಆಗಸ್ಟಿನ ಕಕ್ಕಡ ತಿಂಗಳು ಬರುವಷ್ಟರಲ್ಲಿ ಗೋಡೆ ಒದ್ದೆಯಾಗಿ ಸುಣ್ಣ ಉದುರುತ್ತದೆ. ಚಿಮಣಿಯನ್ನೇ ಕೆಡವಿಸಿಬಿಡಿ ಎಂದು ಮೇಸ್ತ್ರಿ ಹೇಳುತ್ತಿದ್ದಾರೆ. ಬೇರೆ ದಾರಿ ಇಲ್ಲವೇ?
— ಓದುಗರು, ಮಡಿಕೇರಿ

ಉತ್ತರ: ದಾರಿ ಇದೆ, ಕೆಡವುವ ಅಗತ್ಯ ಕಾಣುವುದಿಲ್ಲ. ಆದರೆ ಸಿಮೆಂಟ್ ಮೆತ್ತುವುದನ್ನು ಮೊದಲು ನಿಲ್ಲಿಸಬೇಕು, ಏಕೆಂದರೆ ತಮ್ಮ ಮನೆಯ ಸೋರಿಕೆ ವರ್ಷವರ್ಷವೂ ಮರುಕಳಿಸುವುದಕ್ಕೆ ಆ ಸಿಮೆಂಟೇ ಕಾರಣವಾಗಿರುವ ಸಂಭವ ಹೆಚ್ಚು.

ಇಟ್ಟಿಗೆಯ ಚಿಮಣಿ ತನ್ನದೇ ಅಡಿಪಾಯದ ಮೇಲೆ ನೆಲದಿಂದ ನೇರವಾಗಿ ಎದ್ದು ನಿಂತಿರುತ್ತದೆ. ಮಾಡು ಹಾಗಲ್ಲ, ಅದು ತೊಲೆ, ಪಕ್ಕಾಸು, ರೀಪುಗಳ ಮೇಲೆ ಕುಳಿತಿರುತ್ತದೆ, ಮತ್ತು ಆ ಮರ ಮಳೆಗಾಲದ ತೇವಕ್ಕೆ ಉಬ್ಬಿ ಬೇಸಿಗೆಯ ಒಣಹವೆಗೆ ಕುಗ್ಗುತ್ತದೆ. ಹೀಗೆ ಒಂದಕ್ಕೊಂದು ಸಂಬಂಧವಿಲ್ಲದೆ ಕದಲುವ ಎರಡು ಭಾಗಗಳನ್ನು ಗಟ್ಟಿಯಾದ ಸಿಮೆಂಟಿನಿಂದ ಬೆಸೆದರೆ, ಮೊದಲ ಬೇಸಿಗೆಯಲ್ಲೇ ಆ ಬೆಸುಗೆ ಕೂದಲೆಳೆಯಷ್ಟು ಬಿಡುತ್ತದೆ. ಮಾಡು ಒಣಗಿದ್ದಾಗ ಚಿಮಣಿಯ ಬುಡವನ್ನು ಹತ್ತಿರದಿಂದ ನೋಡಿರಿ: ಇಟ್ಟಿಗೆಗೂ ಮೆತ್ತಿದ ಗಾರೆಗೂ ನಡುವೆ ಪಾಚಿಯ ಒಂದು ತೆಳುವಾದ ಹಸಿರು ಗೆರೆ ಕಾಣುತ್ತದೆ, ಮತ್ತು ಆ ಗೆರೆಯ ಉದ್ದಕ್ಕೂ ಉಗುರಿನ ತುದಿ ಒಳಕ್ಕೆ ಇಳಿಯುತ್ತದೆ. ಅಷ್ಟು ಕಿರಿದಾದ ಬಿರುಕು ಅಗಲವಾದ ಸಂದಿಗಿಂತ ಹೆಚ್ಚು ಅಪಾಯಕಾರಿ. ಅದು ನೀರನ್ನು ಹೀರಿ ಒಳಗೆಳೆದುಕೊಳ್ಳುತ್ತದೆ. ಮೇಲಿನ ಗಾರೆಯ ಮುಚ್ಚಳದಿಂದಾಗಿ ಆ ನೀರು ಹಿಂತಿರುಗಿ ಒಣಗುವುದೂ ಇಲ್ಲ. ಡಾಂಬರಿನ ಕಥೆಯೂ ಇದೇ. ಬಿಸಿಲಿಗೆ ಒಣಗಿ ಗಡುಸಾದ ಡಾಂಬರು ಸೀಳುಬಿಡುತ್ತದೆ, ಜೊತೆಗೆ ಸೀಳು ಎಲ್ಲಿದೆ ಎಂಬುದನ್ನು ಕಣ್ಣಿಗೆ ಕಾಣದಂತೆ ಮಾಡುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಬೀಳುವ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಪಡುವಣ ಗಾಳಿಯೊಡನೆ ಓರೆಯಾಗಿ ಬಡಿಯುವ ಮಡಿಕೇರಿಯಂಥ ಊರಿನಲ್ಲಿ ಈ ಬಗೆಯ ತೇಪೆ ಬಾಳುವುದಿಲ್ಲ.

ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಗೋಡೆಯಲ್ಲಿ ಒದ್ದೆ ಕಾಣಿಸಿದ ಜಾಗವೇ ಸೋರುವ ಜಾಗವೆಂದು ತಿಳಿಯಬೇಡಿರಿ. ಮೇಲೆ ಹೊಕ್ಕ ನೀರು ಪಕ್ಕಾಸಿನ ಅಡಿಮೈಯನ್ನು ಹಿಡಿದು ಹಲವು ಅಡಿ ಜಾರಿ, ಎಲ್ಲೋ ಒಂದು ಗಂಟಿನ ಬಳಿ ತೊಟ್ಟಿಕ್ಕುತ್ತದೆ. ಮಳೆ ಸುರಿಯುತ್ತಿರುವಾಗ ಟಾರ್ಚ್ ಹಿಡಿದು ಅಟ್ಟಕ್ಕೆ ಹತ್ತಿ, ಚಿಮಣಿ ಮಾಡನ್ನು ತೂರುವ ನಾಲ್ಕೂ ಮಗ್ಗುಲನ್ನು ನೋಡುವುದು ಉತ್ತಮ. ಮಳೆ ಇಲ್ಲದ ದಿನಗಳಲ್ಲಾದರೆ ಒಬ್ಬರು ಅಟ್ಟದಲ್ಲಿ ನಿಂತು, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಬೇಕು. ಈ ಪರೀಕ್ಷೆಯನ್ನು ಕೆಳಗಿನಿಂದ ಮೇಲಕ್ಕೆ ಮಾಡಬೇಕು: ಮೊದಲು ಚಿಮಣಿಯ ಕೆಳಮಗ್ಗುಲ ಹೆಂಚು, ನಂತರ ಎರಡೂ ಪಕ್ಕಗಳು, ನಂತರ ಮಾಡಿನ ನೆತ್ತಿಯ ಕಡೆಗಿರುವ ಹಿಂಭಾಗ, ಆಮೇಲೆ ಇಟ್ಟಿಗೆಯ ಮೈ, ಕೊನೆಗೆ ಚಿಮಣಿಯ ತಲೆ. ಒಂದೊಂದು ಜಾಗಕ್ಕೂ ಹತ್ತು ಹದಿನೈದು ನಿಮಿಷ ಕೊಡಿರಿ. ಮೇಲಿನಿಂದ ಆರಂಭಿಸಿದರೆ ಎಲ್ಲ ಭಾಗಗಳೂ ಒಟ್ಟಿಗೆ ಒದ್ದೆಯಾಗಿ ಏನೂ ತಿಳಿಯುವುದಿಲ್ಲ.

ಬುಡದಲ್ಲೇ ದೋಷವಿದ್ದರೆ ಅದಕ್ಕೆ ಸರಿಯಾದ ಉಪಾಯ ಎರಡು ಪದರದ ಲೋಹದ ತಗಡು. ಹಳೆಯ ಸಿಮೆಂಟನ್ನೆಲ್ಲ ಇಟ್ಟಿಗೆ ಒಡೆಯದಂತೆ ಕೆತ್ತಿ ತೆಗೆಸಿ, ಚಿಮಣಿಯ ಸುತ್ತ ಹೆಂಚನ್ನು ಬಿಚ್ಚಿಸಿರಿ. ಅಲ್ಲಿ ರೀಪು, ಪಕ್ಕಾಸು ಕೊಳೆತಿದ್ದರೆ ಬದಲಾಯಿಸುವ ಸಮಯ ಅದೇ. ಮೊದಲ ಪದರದ ತಗಡು ಮಾಡಿಗೆ ಸೇರಿದ್ದು. ಅದು ಇಟ್ಟಿಗೆಯ ಮೈಗೆ ಒರಗಿ ಕನಿಷ್ಠ ಆರು ಇಂಚು ಮೇಲೇರಬೇಕು; ಎರಡು ಪಕ್ಕಗಳಲ್ಲಿ ಅಷ್ಟೇ ಅಗಲ ಹೆಂಚಿನ ಅಡಿಗೆ ಹೋಗಿ, ಆ ಅಂಚನ್ನು ಮೇಲಕ್ಕೆ ಮಡಚಿರಬೇಕು, ಆಗ ನೀರು ಅದರಾಚೆಗೆ ಹರಿಯದೆ ದೋಣಿಯಲ್ಲಿ ಇಳಿದಂತೆ ಕೆಳಕ್ಕೆ ಇಳಿಯುತ್ತದೆ. ಕೆಳಮಗ್ಗುಲಲ್ಲಿ ಮಾತ್ರ ತಗಡು ಹೆಂಚಿನ ಮೇಲೆ ಬರಬೇಕು. ಎರಡನೆಯ ಪದರ ಚಿಮಣಿಗೆ ಸೇರಿದ್ದು. ಇಟ್ಟಿಗೆಯ ಸಾಲುಗಳ ನಡುವಿನ ಗಾರೆಯನ್ನು ಒಂದು ಇಂಚು ಆಳ ಕೆರೆದು, ತಗಡಿನ ಪಟ್ಟಿಯ ತುದಿಯನ್ನು ಅದರೊಳಗೆ ಸಿಕ್ಕಿಸಿ ಗಾರೆ ತುಂಬಿ, ಪಟ್ಟಿಯನ್ನು ಕೆಳಕ್ಕೆ ಬಾಗಿಸಿದರೆ ಅದು ಮೊದಲ ತಗಡಿನ ಮೇಲೆ ಮೂರು ಇಂಚಿನಷ್ಟು ಹೊದ್ದುಕೊಳ್ಳುತ್ತದೆ. ಈ ಎರಡು ತಗಡುಗಳನ್ನು ಒಂದಕ್ಕೊಂದು ಮೊಳೆ ಹೊಡೆದೋ ಬೆಸುಗೆ ಹಾಕಿಯೋ ಸೇರಿಸಬಾರದು. ಮಾಡು ಕದಲಿದಾಗ ಕೆಳಗಿನದು ಮೇಲಿನದರ ಅಡಿಯಲ್ಲಿ ಸರಾಗವಾಗಿ ಜಾರಬೇಕು. ಈ ಒಂದು ಮಾತನ್ನು ಕೆಲಸದವರಿಗೆ ಬಿಡಿಸಿ ಹೇಳಿ, ಕೆಲಸ ಮುಗಿಯುವವರೆಗೆ ಯಾರಾದರೂ ಬಳಿ ನಿಂತು ನೋಡಿಕೊಳ್ಳಬೇಕು. ಅಭ್ಯಾಸಬಲದಿಂದ ಕೊನೆಗೆ ಒಂದು ಕೈ ಸಿಮೆಂಟ್ ಎಳೆದುಬಿಡುವವರು ಬಹಳ.

ನೆತ್ತಿಯ ಕಡೆಗಿರುವ ಹಿಂಭಾಗಕ್ಕೆ ವಿಶೇಷ ಗಮನ ಬೇಕು. ಮೇಲಿನ ಮಾಡಿನಿಂದ ಹರಿದುಬರುವ ನೀರೆಲ್ಲ ಅಲ್ಲಿ ಚಿಮಣಿಗೆ ಬಡಿದು ನಿಲ್ಲುತ್ತದೆ, ಸಿಲ್ವರ್ ಓಕ್ ಎಲೆಗಳು ಅಲ್ಲಿಯೇ ಸೇರಿ ಕೊಳೆತು ಕಟ್ಟೆಯಾಗುತ್ತವೆ. ತಗಡು ಅಲ್ಲಿ ಎರಡು ಸಾಲು ಹೆಂಚಿನ ಅಡಿಯವರೆಗೆ ಹೋಗಿರಬೇಕು. ಚಿಮಣಿಯ ಅಗಲ ಎರಡೂವರೆ ಅಡಿಗಿಂತ ಹೆಚ್ಚಿದ್ದರೆ ಬರಿಯ ತಗಡು ಸಾಲದು. ಮರದ ಚೌಕಟ್ಟಿನ ಮೇಲೆ ತಗಡು ಹೊದಿಸಿ, ನೀರನ್ನು ಎಡಕ್ಕೂ ಬಲಕ್ಕೂ ಸೀಳಿ ಕಳಿಸುವ ಒಂದು ಪುಟ್ಟ ಎರಡಿಳಿಜಾರಿನ ಮಾಡನ್ನೇ ಅಲ್ಲಿ ಕಟ್ಟಿಸಬೇಕು. ಹಳೆಯ ಬಂಗಲೆಗಳಲ್ಲಿ ಇದು ಮೊದಲಿಗೆ ಇದ್ದು, ನಂತರ ಹೆಂಚು ಕೈಯಾಡಿಸಿದವರು ತೆಗೆದುಹಾಕಿರುವುದೂ ಉಂಟು.

ತಗಡು ಯಾವುದಾಗಬೇಕೆಂದರೆ, ಬಾಳಿಕೆಯಲ್ಲಿ ತಾಮ್ರ ಮೇಲು, ಆದರೆ ದುಬಾರಿ. ದಪ್ಪನೆಯ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ತಗಡು ಅಥವಾ ಸ್ಟೇನ್‌ಲೆಸ್ ಸ್ಟೀಲ್ ಸಾಕಾಗುತ್ತದೆ. ಅಲ್ಯೂಮಿನಿಯಂ ಹಗುರವೂ ಅಗ್ಗವೂ ಹೌದು, ಆದರೆ ಹಸಿ ಸಿಮೆಂಟ್ ಮತ್ತು ಸುಣ್ಣ ಅದನ್ನು ತಿನ್ನುತ್ತವೆ. ತಾಮ್ರದ ಮೇಲಿನಿಂದ ಇಳಿದ ನೀರು ಜಿ.ಐ. ತಗಡಿನ ಮೇಲೆ ಹರಿದರೆ ಜಿ.ಐ. ಬೇಗ ತುಕ್ಕು ಹಿಡಿಯುತ್ತದೆ, ಆದ್ದರಿಂದ ಎರಡನ್ನೂ ಬೆರೆಸಬಾರದು. ಸೀಸದ ತಗಡು ಬಾಗಿಸಲು ಸುಲಭವೆಂದು ಕೆಲವರು ಹೇಳುತ್ತಾರೆ; ಮಾಡಿನ ನೀರನ್ನು ಹಿಡಿದು ಬಳಸುವ ಮನೆಯಲ್ಲಿ ಅದನ್ನು ಹಾಕಿಸಲೇಬೇಡಿ.

ಬುಡದಲ್ಲಿ ದೋಷವಿಲ್ಲದಿದ್ದರೆ ತಲೆಯನ್ನು ನೋಡಬೇಕು. ಚಿಮಣಿಯ ನೆತ್ತಿಗೆ ಹಾಕಿದ ಗಾರೆ ಬಿರುಕುಬಿಟ್ಟಿದ್ದರೆ ನೀರು ಇಟ್ಟಿಗೆಯ ನಡುವಿನಿಂದ ಇಡೀ ಕಂಬವನ್ನು ನೆನೆಸುತ್ತ ಇಳಿಯುತ್ತದೆ. ಅಲ್ಲಿ ತೆಳುವಾದ ಗಾರೆಗೆ ಬದಲಾಗಿ, ಅಂಚಿನಲ್ಲೂ ಎರಡು ಇಂಚಿಗೆ ಕಡಿಮೆಯಿಲ್ಲದ, ಹೊರಕ್ಕೆ ಇಳಿಜಾರಿರುವ ಕಾಂಕ್ರೀಟ್ ಮುಚ್ಚಳ ಬೇಕು. ಅದು ಇಟ್ಟಿಗೆಯ ಮೈಯಿಂದ ಎರಡು ಇಂಚು ಹೊರಚಾಚಿ, ಅಡಿಮೈಯಲ್ಲಿ ಒಂದು ತೋಡುಗೆರೆ ಹೊಂದಿರಬೇಕು; ನೀರು ಗೋಡೆಗೆ ಅಂಟಿಕೊಂಡು ಇಳಿಯದೆ ಆ ಗೆರೆಯಲ್ಲಿ ತುಂಡಾಗಿ ಕೆಳಗೆ ಬೀಳುತ್ತದೆ. ಹೊಗೆಯ ಬಾಯಿಯ ಮೇಲೆ ನಾಲ್ಕೂ ಕಡೆ ತೆರೆದಿರುವ, ಹಕ್ಕಿ ಬಾವಲಿಗಳು ನುಗ್ಗದಂತೆ ಬಲೆ ಕಟ್ಟಿದ ಒಂದು ಕೊಡೆಯನ್ನೂ ಇಡಿಸಿರಿ.

ಇಟ್ಟಿಗೆಯ ಸಂದಿನ ಗಾರೆ ಬೆರಳಿಗೆ ಪುಡಿಯಾಗಿ ಉದುರುತ್ತಿದ್ದರೆ ಮುಕ್ಕಾಲು ಇಂಚಿನಷ್ಟು ಕೆರೆದು ಹೊಸದಾಗಿ ತುಂಬಿಸಬೇಕು. ತಮ್ಮ ಮನೆಯ ವಯಸ್ಸನ್ನು ನೋಡಿದರೆ ಅದನ್ನು ಸುಣ್ಣದ ಗಾರೆಯಲ್ಲಿ ಕಟ್ಟಿರುವ ಸಾಧ್ಯತೆ ಇದೆ. ಅಂಥ ಗೋಡೆಗೆ ಬಲವಾದ ಸಿಮೆಂಟ್ ಗಾರೆ ಹಾಕಿದರೆ ತೇವ ಸಂದಿನಿಂದ ಹೊರಬರಲಾರದೆ ಇಟ್ಟಿಗೆಯ ಮೂಲಕವೇ ಹೊರಬರುತ್ತದೆ, ಕೆಲವು ವರ್ಷಗಳಲ್ಲಿ ಇಟ್ಟಿಗೆಯ ಮುಖವೇ ಪದರಪದರವಾಗಿ ಕಳಚುತ್ತದೆ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳಿನ ಗಾರೆಯೇ ಸರಿ. ಚಿಮಣಿಗೆ ಬಣ್ಣ ಬಳಿದು ಮುಚ್ಚಬೇಡಿ. ಇಟ್ಟಿಗೆ ಪೂರ್ತಿ ಒಣಗಿದ ಮೇಲೆ, ಹೊರಗಿನ ನೀರನ್ನು ತಡೆದು ಒಳಗಿನ ಆವಿಯನ್ನು ಹೊರಬಿಡುವ ಸಿಲೇನ್–ಸಿಲೋಕ್ಸೇನ್ ಬಗೆಯ ದ್ರಾವಣವನ್ನು ಹಚ್ಚಬಹುದು. ಆದರೆ ಅದು ಬಿರುಕಿಗೆ ಮದ್ದಲ್ಲ.

ಈ ಕೆಲಸಕ್ಕೆ ಪುತ್ತರಿ ಸುಗ್ಗಿಹಬ್ಬ ಕಳೆದ ಮೇಲಿನ ಒಣ ತಿಂಗಳುಗಳು ಸೂಕ್ತ. ಕಾಫಿ ಕೊಯ್ಲಿನ ದಿನಗಳಲ್ಲಿ ಕೆಲಸದವರು ಸಿಗುವುದು ಕಷ್ಟವೆಂಬುದು ನಿಜ, ಆದರೂ ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆಗೆ ಮುನ್ನ ಗಾರೆಯ ಕೆಲಸ ಮುಗಿದು ಒಣಗಿರಲೇಬೇಕು. ಸುಣ್ಣ ನಿಧಾನವಾಗಿ ಗಟ್ಟಿಯಾಗುವ ವಸ್ತು. ಈಗಲೇ ಸೋರುತ್ತಿದ್ದರೆ, ಮಳೆ ಬಿಡುವು ಕೊಟ್ಟಾಗ ಚಿಮಣಿಯ ಹಿಂಭಾಗದಲ್ಲಿ ಒಂದು ತಗಡಿನ ಹಾಳೆಯ ಮೇಲಂಚನ್ನು ಹೆಂಚಿನ ಅಡಿಗೆ ತೂರಿಸಿ ನೀರನ್ನು ಪಕ್ಕಕ್ಕೆ ತಿರುಗಿಸಿದರೆ ಈ ಮಳೆಗಾಲವನ್ನು ಕಳೆಯಬಹುದು. ಪಾಚಿ ಹಿಡಿದ ಹೆಂಚಿನ ಮೇಲೆ ಬರಿಗಾಲಿನಲ್ಲಾದರೂ ಸರಿ, ಹಗ್ಗ ಮತ್ತು ಅಡ್ಡ ಏಣಿ ಇಲ್ಲದೆ ಯಾರನ್ನೂ ಹತ್ತಿಸಬೇಡಿ.

ಪ್ರಶ್ನೆ: ನಮ್ಮ ಅಗ್ಗಿಷ್ಟಿಕೆಯನ್ನು ಬಳಸುವುದು ನಿಲ್ಲಿಸಿ, ಮೇಲೆ ಕಾಂಕ್ರೀಟ್ ಚಪ್ಪಡಿ ಇಟ್ಟು, ಕೆಳಗೆ ಇಟ್ಟಿಗೆ ಕಟ್ಟಿ ಮುಚ್ಚಿದ್ದೇವೆ. ಈಗ ಚಿಮಣಿಯ ಗೋಡೆಯಲ್ಲಿ ಕಂದು ಕಲೆ ಹರಡುತ್ತಿದೆ. ವಿಚಿತ್ರವೆಂದರೆ ಮಳೆಯೇ ಇಲ್ಲದ ಮಂಜಿನ ದಿನಗಳಲ್ಲೂ ಅದು ಒದ್ದೆಯಾಗುತ್ತದೆ. ಬಣ್ಣ ಹೊಡೆಸಿದರೂ ಮತ್ತೆ ಮೂಡುತ್ತದೆ.
— ಓದುಗರು, ಸೋಮವಾರಪೇಟೆ

ಉತ್ತರ: ತಮ್ಮದು ಮಾಡಿನ ದೋಷ ಅಲ್ಲದಿರಬಹುದು. ಹಲವು ದಶಕಗಳ ಕಾಲ ಸೌದೆ ಉರಿದ ಚಿಮಣಿಯ ಒಳಮೈ ಮಸಿಯ ಜೊತೆಗೆ ಲವಣಗಳನ್ನೂ ಹೀರಿಕೊಂಡಿರುತ್ತದೆ. ಆ ಲವಣಗಳು ಇಟ್ಟಿಗೆಯ ಮೂಲಕ ಒಳಗೋಡೆಯ ಗಾರೆಗೆ ಬಂದು ಸೇರಿದಾಗ, ತೆರೆದಿಟ್ಟ ಕಲ್ಲುಪ್ಪು ಮಳೆಗಾಲದಲ್ಲಿ ಬೆವರುವಂತೆ ಗಾಳಿಯ ತೇವವನ್ನೇ ಎಳೆದುಕೊಂಡು ಗೋಡೆಯನ್ನು ಒದ್ದೆ ಮಾಡುತ್ತವೆ. ಹವೆ ಒಣಗಿದಾಗ ಕಲೆ ಮಸುಕಾಗಿ, ಮಂಜು ಕವಿದಾಗ ಮತ್ತೆ ಗಾಢವಾಗುವುದೇ ಇದರ ಗುರುತು. ಮಳೆ ಬಂದ ಕೆಲವು ಗಂಟೆಗಳಲ್ಲೇ ಒದ್ದೆ ಹೆಚ್ಚಿದರೆ ಮಾತ್ರ ಅದು ಹೊರಗಿನ ನೀರು.

ಎರಡನೆಯ ಕಾರಣ ತಾವು ಎರಡೂ ತುದಿಯನ್ನು ಮುಚ್ಚಿರುವುದು. ಗಾಳಿಯಾಡದ ಚಿಮಣಿಯ ಒಳಗೆ ತಣ್ಣನೆಯ ಇಟ್ಟಿಗೆಯ ಮೇಲೆ ಆವಿ ಹನಿಗಟ್ಟುತ್ತದೆ, ಆ ಹನಿ ಮಸಿಯನ್ನು ಕರಗಿಸಿಕೊಂಡು ಇಳಿಯುತ್ತದೆ. ಕಂದು ಬಣ್ಣ ಅಲ್ಲಿಂದ ಬಂದದ್ದು. ಮೊದಲು ಕೆಳಗಿನ ಇಟ್ಟಿಗೆ ಗೋಡೆಯಲ್ಲಿ ಒಂದು ಜಾಲರಿಯ ಕಿಂಡಿ ಕೊರೆಯಿಸಿರಿ. ಮೇಲಿನ ಚಪ್ಪಡಿಯನ್ನು ನಾಲ್ಕು ಮೂಲೆಗಳಲ್ಲಿ ಇಟ್ಟಿಗೆ ತುಂಡು ಕೊಟ್ಟು ಎತ್ತಿಸಿ, ಮಳೆ ಒಳಗೆ ಬೀಳದಂತೆ ಆದರೆ ಗಾಳಿ ಆಡುವಂತೆ ಮಾಡಿಸಿರಿ. ಒಳಗಿನ ಮಸಿ, ಇಲ್ಲಣ, ಹಕ್ಕಿಗೂಡುಗಳನ್ನೆಲ್ಲ ಮೊದಲೇ ತೆಗೆಸಬೇಕು. ನಂತರ ಕಲೆಯಾದ ಗಾರೆಯನ್ನು ಕಲೆಯ ಅಂಚಿನಿಂದ ಒಂದು ಅಡಿ ಆಚೆಯವರೆಗೂ ಕೆತ್ತಿ ಹಾಕಿಸಿ, ಆ ಪುಡಿಯನ್ನು ಮನೆಯಿಂದ ಹೊರಗೆ ಸಾಗಿಸಿ, ಗೋಡೆಯನ್ನು ಒಂದು ಬೇಸಿಗೆ ಪೂರ್ತಿ ಒಣಗಲು ಬಿಟ್ಟು, ಆಮೇಲೆ ಸುಣ್ಣದ ಗಾರೆ ಮಾಡಿಸುವುದು ಸರಿಯಾದ ಕ್ರಮ. ಲವಣ ಉಳಿದ ಗಾರೆಯ ಮೇಲೆ ಎಂಥ ಬಣ್ಣವೂ ನಿಲ್ಲುವುದಿಲ್ಲ.

ಒಂದು ಎಚ್ಚರಿಕೆಯನ್ನು ಎಲ್ಲ ಓದುಗರಿಗೂ ಹೇಳಬೇಕು. ಚಿಮಣಿಯ ಬಾಯಿಯನ್ನು ಚಪ್ಪಡಿಯಿಂದಲೋ ಟಾರ್ಪಾಲಿನಿಂದಲೋ ಮುಚ್ಚಿದ ಮನೆಯಲ್ಲಿ ಯಾರೂ ಆ ಅಗ್ಗಿಷ್ಟಿಕೆಯಲ್ಲಿ ಬೆಂಕಿ ಹಾಕಬಾರದು. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಚಳಿಗೆ ಬಾಗಿಲು ಕಿಟಕಿ ಹಾಕಿ ಮಲಗಿದವರ ಪ್ರಾಣವನ್ನೇ ಅದು ತೆಗೆಯಬಲ್ಲದು. ಮನೆಯನ್ನು ಹೋಂಸ್ಟೇ ಆಗಿ ನಡೆಸುವವರು ಮುಚ್ಚಿದ ಅಗ್ಗಿಷ್ಟಿಕೆಯ ಮೇಲೆ ಇದನ್ನು ಬರೆದು ಅಂಟಿಸುವುದು ಅವರ ಹೊಣೆ.

ಪ್ರಶ್ನೆ: ಬಚ್ಚಲು ಮನೆಯ ಒಲೆಯ ಹೊಗೆಕೊಳವೆ ತಗಡಿನ ಶೀಟನ್ನು ತೂರಿ ಹೋಗಿದೆ. ಸುತ್ತ ಸಿಲಿಕೋನ್ ಹಾಕಿಸಿದರೆ ಕೆಲವೇ ತಿಂಗಳಲ್ಲಿ ಸುಟ್ಟು ಕಳಚಿಕೊಳ್ಳುತ್ತದೆ. ಕೊಳವೆಯ ಜೋಡಣೆಗಳಿಂದ ಕಪ್ಪು ನೀರೂ ತೊಟ್ಟಿಕ್ಕುತ್ತದೆ.
— ಓದುಗರು, ನಾಪೋಕ್ಲು

ಉತ್ತರ: ಇಲ್ಲಿ ಎರಡು ಬೇರೆಬೇರೆ ತೊಂದರೆಗಳಿವೆ. ಕಪ್ಪು ನೀರು ಮಳೆಯದ್ದಲ್ಲ. ಹಸಿ ಸೌದೆಯ ಹೊಗೆಯಲ್ಲಿರುವ ಆವಿ ಮತ್ತು ಡಾಂಬರಿನಂಥ ಅಂಶ ಮೇಲಿನ ತಣ್ಣನೆಯ ಕೊಳವೆಗೆ ತಗುಲಿ ನೀರಾಗಿ ಇಳಿಯುತ್ತದೆ. ಕೊಳವೆಗಳನ್ನು ಜೋಡಿಸುವಾಗ ಮೇಲಿನ ಕೊಳವೆಯ ತುದಿ ಕೆಳಗಿನದರ ಒಳಗೆ ಕೂತಿದ್ದರೆ ಅದು ಒಳಗಿಂದೊಳಗೇ ಒಲೆಗೆ ಇಳಿದು ಸುಟ್ಟುಹೋಗುತ್ತದೆ. ತಿರುಗಾಮುರುಗಾ ಕೂರಿಸಿದ್ದರೆ ಪ್ರತಿ ಜೋಡಣೆಯಲ್ಲೂ ಹೊರಗೆ ಸೋರುತ್ತದೆ. ಬಿಚ್ಚಿ ತಿರುಗಿಸಿ ಕೂರಿಸಿರಿ, ಮತ್ತು ಕಾಫಿ ಗಿಡದಿಂದ ಸವರಿ ತೆಗೆದ ಸೌದೆಯಾಗಲಿ ಸಿಲ್ವರ್ ಓಕ್ ಆಗಲಿ, ಕಡಿದು ಸೀಳಿ ಒಂದು ಬೇಸಿಗೆಯಾದರೂ ಒಣಗಿಸಿದ ಮೇಲೆ ಉರಿಸಿರಿ. ಆ ಕರಿ ಒಳಗೆ ದಪ್ಪವಾಗಿ ಕಟ್ಟಿದರೆ ಹೊತ್ತಿಕೊಳ್ಳುವ ಅಪಾಯವೂ ಇದೆ, ಹಾಗಾಗಿ ವರ್ಷಕ್ಕೊಮ್ಮೆ ಕೊಳವೆಯನ್ನು ಉಜ್ಜಿ ತೆಗೆಸಬೇಕು.

ಮಳೆನೀರಿಗೆ ಸಿಲಿಕೋನನ್ನು ನಂಬುವ ಅಗತ್ಯವೇ ಇಲ್ಲ. ಕೊಳವೆ ತೂರುವ ತೂತಿನ ಸುತ್ತ, ಮೊಗಚಿದ ಆಲಿಕೆಯ ಆಕಾರದ ಒಂದು ತಗಡಿನ ಕೊರಳನ್ನು ಶೀಟಿಗೆ ಕೂರಿಸಿ, ಅದರ ಹಿಂಭಾಗದ ಹಾಳೆಯನ್ನು ಮೇಲಿನ ಶೀಟಿನ ಅಡಿಗೆ ಕೊಡಬೇಕು. ಅದರ ಮೇಲೆ, ಕೊಳವೆಗೆ ಬಿಗಿಯಾಗಿ ಕಚ್ಚಿಕೊಂಡ ಇನ್ನೊಂದು ತಗಡಿನ ಬಳೆ ಕೊಡೆಯಂತೆ ಚಾಚಿ ಆ ಕೊರಳನ್ನು ಮುಚ್ಚಬೇಕು. ಬಿಸಿ ತಡೆಯುವ ಸೀಲೆಂಟ್ ಬೇಕಾಗುವುದು ಆ ಬಳೆಯ ಮೇಲಂಚಿನ ಒಂದು ಗೆರೆಗೆ ಮಾತ್ರ. ಶೀಟಿನಿಂದ ಹೊರಗಿರುವ ಭಾಗದಲ್ಲಿ ಜೋಡಣೆಯೇ ಇಲ್ಲದ ಒಂದೇ ಉದ್ದದ ಕೊಳವೆ ಇರಲಿ. ಒಂದೇ ಪದರದ ಕೊಳವೆಯಾದರೆ ಮರದ ರೀಪು ಪಕ್ಕಾಸುಗಳಿಂದ ಒಂದೂವರೆ ಅಡಿಯಾದರೂ ದೂರವಿರಬೇಕು.

ಪ್ರಶ್ನೆ: ಅಡುಗೆಮನೆಯ ವಿದ್ಯುತ್ ಚಿಮಣಿಯಿಂದ ಒಲೆಯ ಮೇಲೆ ನೀರು ಬೀಳುತ್ತದೆ. ಗೋಡೆಯ ತೂತಿನ ಸುತ್ತ ಸಿಮೆಂಟ್ ಹಾಕಿಸಿದ್ದೇವೆ.
— ಓದುಗರು, ಕುಶಾಲನಗರ

ಉತ್ತರ: ಪೈಪು ಒಳಕ್ಕೆ ಇಳಿಜಾರಾಗಿದೆ ಎಂದು ತೋರುತ್ತದೆ. ಗೋಡೆಯನ್ನು ತೂರುವ ಭಾಗ ಹೊರಕ್ಕೆ ಇಳಿಜಾರಾಗಿರಬೇಕು, ಹೊರಬಾಯಿಗೆ ಕೆಳಮುಖದ ಮುಚ್ಚಳ ಅಥವಾ ಗಾಳಿಗೆ ತೆರೆದು ತಾನೇ ಮುಚ್ಚುವ ಪಟ್ಟಿಗಳಿರುವ ಜಾಲರಿ ಇರಬೇಕು. ಮಡಿಕೇರಿಗಿಂತ ತಮ್ಮಲ್ಲಿ ಮಳೆ ಬಹಳ ಕಡಿಮೆಯಾದರೂ ಪಡುವಣ ಗೋಡೆಯಲ್ಲಿ ಬಾಯಿ ತೆರೆದಿದ್ದರೆ ನೀರು ನುಗ್ಗುವುದು ಸಹಜ. ಮೋಟರಿಗೆ ನೀರು ತಗುಲಿರಬಹುದಾದ್ದರಿಂದ ಸರಿಪಡಿಸುವವರೆಗೆ ಸ್ವಿಚ್ ಹಾಕಬೇಡಿ.

ಪ್ರಶ್ನೆ: ಹೊಸ ಮನೆ ಕಟ್ಟಿಸುತ್ತಿದ್ದೇವೆ. ಅರ್ಧ ಹೆಂಚಿನ ಮಾಡು, ಅರ್ಧ ಆರ್‌ಸಿಸಿ. ಅಡುಗೆಮನೆಯಲ್ಲಿ ಸೌದೆ ಒಲೆಯೂ ಬೇಕೆಂದು ಅಮ್ಮನ ಆಸೆ. ಮುಂದೆ ಸೋರದಂತೆ ಚಿಮಣಿಯನ್ನು ಎಲ್ಲಿ ಇಡಬೇಕು?
— ಓದುಗರು, ವಿರಾಜಪೇಟೆ

ಉತ್ತರ: ಕಟ್ಟುವ ಮೊದಲೇ ಕೇಳಿದ್ದು ಬಹಳ ಒಳ್ಳೆಯದಾಯಿತು. ಹೆಂಚಿನ ಮಾಡನ್ನು ತೂರುವುದಾದರೆ ನೆತ್ತಿಗೆ ಆದಷ್ಟು ಹತ್ತಿರ ಇಡಿಸಿರಿ. ಚಿಮಣಿಯ ಮೇಲುಗಡೆ ಮಾಡು ಎಷ್ಟು ಕಡಿಮೆಯಿರುತ್ತದೆಯೋ ಅಷ್ಟು ಕಡಿಮೆ ನೀರು ಅದರ ಬೆನ್ನಿಗೆ ಬಡಿಯುತ್ತದೆ. ಎರಡು ಮಾಡುಗಳು ಕೂಡುವ ಕಣಿವೆಯಲ್ಲಿ ಎಂದಿಗೂ ಬೇಡ. ಎತ್ತರ, ಮಾಡನ್ನು ತೂರಿದ ಜಾಗದಿಂದ ಕನಿಷ್ಠ ಮೂರು ಅಡಿಯೂ, ಸುತ್ತ ಹತ್ತು ಅಡಿಯೊಳಗಿನ ಮಾಡಿನ ಯಾವ ಭಾಗಕ್ಕಿಂತಲೂ ಎರಡು ಅಡಿಯೂ ಹೆಚ್ಚಿರಲಿ. ಇಲ್ಲದಿದ್ದರೆ ಗಾಳಿ ಹೊಗೆಯನ್ನೂ ಮಳೆಯನ್ನೂ ಒಟ್ಟಿಗೆ ಒಳಕ್ಕೆ ತಳ್ಳುತ್ತದೆ. ಕೊಡವ ಕುಟುಂಬಗಳ ಹಳೆಯ ಮೂಲಮನೆಗಳಾದ ಐನ್‌ಮನೆಗಳ ಅಡುಗೆಮನೆಯಲ್ಲಿ ಹೊಗೆ ಅಟ್ಟದ ಮೂಲಕ ಹಾದು ಹೆಂಚಿನ ಸಂದಿಯಿಂದ ಹೋಗುತ್ತಿದ್ದುದರಿಂದ ಮಾಡಿನಲ್ಲಿ ತೂತೇ ಇರಲಿಲ್ಲ, ಸೋರಿಕೆಯೂ ಇರಲಿಲ್ಲ. ಆದರೆ ಆ ಹೊಗೆಯನ್ನು ಅಡುಗೆ ಮಾಡುವ ಹೆಂಗಸರು ದಿನವಿಡೀ ಕುಡಿದರು. ಅಮ್ಮನವರಿಗೆ ಚಿಮಣಿ ಬೇಕೇ ಬೇಕು.

ತಮ್ಮಲ್ಲಿ ಆರ್‌ಸಿಸಿ ಭಾಗವೂ ಇರುವುದರಿಂದ, ಸೌದೆ ಒಲೆಯನ್ನು ಆ ಭಾಗದ ಅಡಿಯಲ್ಲಿ ಇಟ್ಟು ಕೊಳವೆಯನ್ನು ಸ್ಲ್ಯಾಬಿನ ಮೂಲಕ ಒಯ್ಯುವುದು ಇನ್ನೂ ಸುಲಭ. ಸ್ಲ್ಯಾಬಿನಲ್ಲಿ ಕೊಳವೆಗಿಂತ ಅಗಲವಾದ ತೂತು ಬಿಡಿಸಿ, ಅದರ ಸುತ್ತ ಆರು ಇಂಚು ಎತ್ತರದ ಕಟ್ಟೆಯನ್ನು ಕಾಂಕ್ರೀಟಿನಲ್ಲೇ ಎತ್ತಿಸಿರಿ. ಈ ಕಟ್ಟೆಯನ್ನು ಸ್ಲ್ಯಾಬಿನ ಜೊತೆಗೆ ಅದೇ ದಿನ ಹಾಕಿಸಬೇಕೆಂದು ಕಂಟ್ರಾಕ್ಟರರಿಗೆ ಮೊದಲೇ ತಿಳಿಸಿರಿ. ಸ್ಲ್ಯಾಬ್ ಒಣಗಿದ ಮೇಲೆ ಇಟ್ಟಿಗೆಯಲ್ಲಿ ಕಟ್ಟಿದ ಕಟ್ಟೆಯ ಬುಡದಲ್ಲಿ ಸಂದು ಉಳಿದೇ ಉಳಿಯುತ್ತದೆ, ಮೊದಲ ಮಳೆಗಾಲದಲ್ಲೇ ನೀರು ಅಲ್ಲಿಂದ ಇಳಿಯುತ್ತದೆ.